ದೀಪ ಹಚ್ಚಿದ್ವಿ, ಲೆಕ್ಕ ಮರೆತ್ವಿ

1/9

ಫೋಟೊದಲ್ಲಿ ಇರೋದು ನಮ್ಮ ಬ್ಯಾಚಿನ ಲ್ಯಾಂಪ್ ಲೈಟಿಂಗ್. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಯೂನಿಫಾರ್ಮ್, ಕೈಯಲ್ಲಿ ದೀಪ, ಮುಂದಿನ ಸಾಲಲ್ಲಿ ಅಪ್ಪ ಅಮ್ಮ ಮೊಬೈಲ್ ಎತ್ತಿ ಹಿಡ್ಕೊಂಡು ವಿಡಿಯೊ. ನೀವು ನರ್ಸಿಂಗ್ ಓದ್ತಿದ್ರೆ ನಿಮ್ಮ ಹತ್ರನೂ ಇಂಥದ್ದೊಂದು ಫೋಟೊ ಇದ್ದೇ ಇರತ್ತೆ.

ಆ ದೀಪ ಯಾರದು ಅಂತ ಎಲ್ಲರಿಗೂ ಗೊತ್ತು. ಫ್ಲಾರೆನ್ಸ್ ನೈಟಿಂಗೇಲ್. ಮೇ 12 ಬಂತು ಅಂದ್ರೆ ಕೇಕ್, ಭಾಷಣ, ಹಾಡು. ಎಲ್ಲರೂ ಹೇಳೋದು ಒಂದೇ ಮಾತು: ಸೇವೆ, ತ್ಯಾಗ, ಕರುಣೆ.

ಆದ್ರೆ ಆ ದೀಪದ ಪಕ್ಕದಲ್ಲೇ ಆಕೆ ಇಟ್ಕೊಂಡಿದ್ದ ಲೆಕ್ಕದ ಪುಸ್ತಕದ ಬಗ್ಗೆ ಯಾರಾದ್ರೂ ಹೇಳಿದ್ರಾ? ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಗುಂಡೇಟಿಗಿಂತ ಹೆಚ್ಚಾಗಿ ತಡೆಯಬಹುದಾಗಿದ್ದ ಸೋಂಕು ರೋಗಗಳಿಂದ ಸತ್ರು ಅನ್ನೋದನ್ನ ಆಕೆ ಅಂಕಿ ಸಮೇತ ತೋರಿಸಿದ್ರು. ತಿಂಗಳು ತಿಂಗಳ ಸಾವನ್ನ ಬಣ್ಣದ ವೃತ್ತಚಿತ್ರವಾಗಿ ಬರೆದು ಸರ್ಕಾರದ ಮುಂದಿಟ್ರು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘಕ್ಕೆ ಸದಸ್ಯೆಯಾದ ಮೊದಲ ಮಹಿಳೆ ಆಕೆ. ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯಲ್ಲಿ ದಾಖಲೆ ಇಡಬೇಕು ಅಂತ ಫಾರಂಗಳನ್ನೂ ತಯಾರು ಮಾಡಿದ್ರು. 1860ರ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನದಲ್ಲಿ ಅವುಗಳ ಬಗ್ಗೆ ಚರ್ಚೆ ಆಯ್ತು.

ಅಂದ್ರೆ ನಮ್ಮ ವೃತ್ತಿ ಶುರುವಾದದ್ದೇ ದೀಪ ಮತ್ತು ದಾಖಲೆ ಎರಡನ್ನೂ ಹಿಡ್ಕೊಂಡು. ನಾವು ದೀಪ ಮಾತ್ರ ಉಳಿಸ್ಕೊಂಡು ದಾಖಲೆಯನ್ನ 'ಕ್ಲರ್ಕ್ ಕೆಲಸ' ಅಂತ ಪಕ್ಕಕ್ಕೆ ತಳ್ಳಿದ್ವಿ. ಈ ಒಂಬತ್ತು ಪೋಸ್ಟ್ ಅದಕ್ಕೆ ನನ್ನ ತಕರಾರು. ತಕರಾರು ಕಾಲೇಜಿನ ಮೇಲಷ್ಟೇ ಅಲ್ಲ, ನಮ್ಮ ಮೇಲೂ ಇದೆ. ಕೊನೇವರೆಗೂ ಓದಿ, ಆಮೇಲೆ ಜಗಳ ಆಡೋಣ.

(ಒಂದು ಮಾತು: ಈ ಸರಣಿಯಲ್ಲಿ ವಾರ್ಡಿನ ಫೋಟೊ ಒಂದೂ ಇರಲ್ಲ. ಯಾಕೆ ಅಂತ ಆರನೇ ಪೋಸ್ಟಲ್ಲಿ ಹೇಳ್ತೀನಿ.)

2/9

ಫೋಟೊ: ನನ್ನ ಎರಡನೇ ಸೆಮಿಸ್ಟರಿನ ನೋಟ್‌ಬುಕ್. ಪೆನ್ಸಿಲಲ್ಲಿ ಬರೆದ ಕಂಪ್ಯೂಟರ್ ಚಿತ್ರ. ಮಾನಿಟರ್, ಕೀಬೋರ್ಡ್, ಮೌಸ್, ಎಲ್ಲಕ್ಕೂ ಸ್ಕೇಲ್ ಇಟ್ಟು ಬಾಣ ಎಳೆದು ಹೆಸರು. ಪಕ್ಕದಲ್ಲಿ ಕೆಂಪು ಇಂಕಲ್ಲಿ 'ಗುಡ್'.

ನಗಬೇಡಿ. ನಿಮ್ಮದರಲ್ಲೂ ಇದೆ ಅಂತ ಗೊತ್ತು.

ಈಗ ನಮ್ಮ ಸಿಲಬಸ್ ಏನು ಹೇಳತ್ತೆ ನೋಡಿ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಬಿಎಸ್ಸಿ ನರ್ಸಿಂಗ್ ಪಠ್ಯಕ್ರಮವನ್ನ ಪೂರ್ತಿ ಬದಲಾಯಿಸ್ತು, 2021ರಲ್ಲಿ ಅದು ಗೆಜೆಟ್‌ನಲ್ಲಿ ಬಂತು. ಸೆಮಿಸ್ಟರ್ ಪದ್ಧತಿ ಬಂದದ್ದೂ ಆಗಲೇ. ಅದರಲ್ಲಿ ಎರಡನೇ ಸೆಮಿಸ್ಟರಿಗೆ 'ಹೆಲ್ತ್/ನರ್ಸಿಂಗ್ ಇನ್ಫರ್ಮ್ಯಾಟಿಕ್ಸ್ ಅಂಡ್ ಟೆಕ್ನಾಲಜಿ' ಅಂತ ಒಂದು ವಿಷಯ ಇದೆ. ಥಿಯರಿ 40 ಗಂಟೆ, ಪ್ರಾಕ್ಟಿಕಲ್ 40 ಗಂಟೆ. ಆಸ್ಪತ್ರೆಯ ಮಾಹಿತಿ ವ್ಯವಸ್ಥೆ, ಎಲೆಕ್ಟ್ರಾನಿಕ್ ದಾಖಲೆ, ರೋಗಿಯ ಸುರಕ್ಷತೆ, ಮಾಹಿತಿ ಕಾನೂನು, ಸಾಕ್ಷ್ಯಾಧಾರಿತ ಆರೈಕೆ ಎಲ್ಲವೂ ಪಟ್ಟಿಯಲ್ಲಿದೆ. ಕಾಗದದ ಮೇಲೆ ಬಹಳ ಚೆನ್ನಾಗಿದೆ.

ಆದ್ರೆ ನಮ್ಮ ಪಾಲಿಗೆ ಆ ಪ್ರಾಕ್ಟಿಕಲ್ ಏನಾಯ್ತು? ವರ್ಡಲ್ಲಿ ಬಯೊಡೇಟಾ ಟೈಪ್ ಮಾಡಿದ್ವಿ. ಪವರ್‌ಪಾಯಿಂಟಲ್ಲಿ ಹೂವಿನ ಬ್ಯಾಕ್‌ಗ್ರೌಂಡ್ ಹಾಕಿ 'ಬೆಡ್ ಸೋರ್' ಅಂತ ಎಂಟು ಸ್ಲೈಡ್ ಮಾಡಿದ್ವಿ. ಒಂದು ಸಿಸ್ಟಮ್‌ಗೆ ಆರು ಜನ. ಮೌಸ್ ಹಿಡಿದವರು ಒಬ್ಬರು, ಉಳಿದ ಐದು ಜನ ರೀಲ್ಸ್ ನೋಡಿದ್ವಿ. ಕೊನೆಗೆ ರೆಕಾರ್ಡ್ ಬುಕ್‌ಗೆ ಸಹಿ ಬಿತ್ತು.

ಒಂದೇ ಒಂದು ನಕಲಿ ರೋಗಿಯನ್ನ ಅಡ್ಮಿಟ್ ಮಾಡಲಿಲ್ಲ. ಒಂದು ಅಲರ್ಜಿ ಎಂಟ್ರಿ ಮಾಡಲಿಲ್ಲ. ಒಂದು ತಪ್ಪು ಎಂಟ್ರಿಯನ್ನ ಸರಿಯಾಗಿ ತಿದ್ದೋದು ಹೇಗೆ ಅಂತ ಕಲಿಯಲಿಲ್ಲ. ಆಮೇಲೆ ನೇರವಾಗಿ ವಾರ್ಡಿಗೆ ಹೋದ್ವಿ.

ಡಮ್ಮಿ ಮೇಲೆ ಅಭ್ಯಾಸ ಮಾಡದೆ ಕ್ಯಾತಿಟರ್ ಹಾಕೋಕೆ ನಮ್ಮನ್ನ ಬಿಡ್ತಾರಾ? ಇಲ್ಲ. ಆದ್ರೆ ಅಭ್ಯಾಸ ಇಲ್ಲದೆ ರೋಗಿಯ ದಾಖಲೆ ಮುಟ್ಟೋಕೆ ಬಿಡ್ತಾರೆ. ಅಲ್ಲಿ ತಪ್ಪಾದ್ರೆ ರಕ್ತ ಕಾಣಲ್ಲ ನೋಡಿ, ಅದಕ್ಕೆ.

3/9

ಫೋಟೊ: ಮಡಚಿದ ಒಂದು ಖಾಲಿ ಚೀಟಿ. ಇಂಥ ಚೀಟಿಯಿಂದ ನಾನು ಒಬ್ಬ ಅಜ್ಜಿಯ ಜೀವಕ್ಕೆ ಕುತ್ತು ತರೋದ್ರಲ್ಲಿದ್ದೆ.

ಯಾವ ಆಸ್ಪತ್ರೆ ಅಂತ ಕೇಳಬೇಡಿ, ಹೇಳಲ್ಲ. ಮೆಡಿಕಲ್ ವಾರ್ಡ್, ಸಂಜೆ ಡ್ಯೂಟಿ. ಅಕ್ಕಪಕ್ಕದ ಬೆಡ್‌ನಲ್ಲಿ ಇಬ್ಬರು ಅಜ್ಜಿಯರು. ಇಬ್ಬರದೂ ಒಂದೇ ಹೆಸರು, ಹೆಚ್ಚುಕಡಿಮೆ ಒಂದೇ ವಯಸ್ಸು, ಇಬ್ಬರಿಗೂ ಸಕ್ಕರೆ ಕಾಯಿಲೆ. ರಾತ್ರಿ ಊಟಕ್ಕೆ ಮುಂಚೆ ಜಿಆರ್‌ಬಿಎಸ್ ನೋಡಿದೆ. ಒಬ್ಬರದು 342, ಇನ್ನೊಬ್ಬರದು 96. ಚೀಟಿಯಲ್ಲಿ ಗೀಚ್ಕೊಂಡೆ. ಸಿಸ್ಟರ್ ಡ್ರಿಪ್ ಬದಲಾಯಿಸ್ತಿದ್ರು. 'ಹೋಗಿ ಸಿಸ್ಟಮಲ್ಲಿ ಹಾಕ್ಬಿಡಮ್ಮ, ನನ್ನ ಲಾಗಿನ್ ಓಪನ್ ಇದೆ' ಅಂದ್ರು.

ಪರದೆ ಮೇಲೆ ಒಂದೇ ಹೆಸರು ಎರಡು ಸಾಲು. ನಾನು ಮೇಲಿನ ಸಾಲು ಒತ್ತಿದೆ, 342 ಹಾಕಿದೆ, ಸೇವ್ ಮಾಡಿದೆ. ಕೆಳಗಿನ ಸಾಲು ಒತ್ತಿದೆ, 96 ಹಾಕಿದೆ. ಅದಲು ಬದಲು. ಐಪಿ ನಂಬರ್ ನೋಡಲೇ ಇಲ್ಲ. ನೋಡಬೇಕು ಅಂತ ಥಿಯರಿಯಲ್ಲಿ ಬರೆದು ಅಂಕ ತಗೊಂಡಿದ್ದೆ. ಆ ಹೊತ್ತಲ್ಲಿ ಮಾತ್ರ ನೋಡಲಿಲ್ಲ.

ಡ್ಯೂಟಿ ಡಾಕ್ಟರ್ ಇನ್ನೊಂದು ಕಡೆ ಕೂತು ಪರದೆ ನೋಡಿ ಇನ್ಸುಲಿನ್ ಬರೆದ್ರು. ಅವರ ತಪ್ಪೇನಿದೆ? ಅವರಿಗೆ ಕಂಡದ್ದು 342.

ಸಿಸ್ಟರ್ ಸಿರಿಂಜ್ ತಗೊಂಡು ಹೋದ್ರು. ಚುಚ್ಚೋಕೆ ಮುಂಚೆ, ಅಭ್ಯಾಸಬಲ, 'ಅಜ್ಜಿ, ಊಟ ಆಯ್ತಾ?' ಅಂತ ಕೇಳಿದ್ರು. ಅಜ್ಜಿ, 'ಬೆಳಿಗ್ಗೆಯಿಂದ ಏನೂ ಸೇರ್ತಿಲ್ಲ ಕಣವ್ವ' ಅಂದ್ರು. ಸಿಸ್ಟರ್ ನಿಂತ್ರು. 'ಏನೂ ತಿಂದಿಲ್ಲ, ಬೆಳಿಗ್ಗೆ ನೂರರ ಹತ್ರ ಇತ್ತು, ಈಗ ಮುನ್ನೂರ ನಲವತ್ತೆರಡಾ?' ಅಂತ ಇನ್ನೊಂದು ಸಲ ಬೆರಳು ಚುಚ್ಚಿ ನೋಡಿದ್ರು. 91.

ಆ ಇನ್ಸುಲಿನ್ ಒಳಗೆ ಹೋಗಿದ್ರೆ? ಊಟ ಮಾಡದ ಮುದುಕಿ, ರಾತ್ರಿ ಹೊತ್ತು, ಮಲಗಿದಾರೆ ಅಂತ ಎಲ್ಲರೂ ಅಂದ್ಕೊಳ್ತಿದ್ರು. ನಿಮಗೆ ಹೈಪೊಗ್ಲೈಸೀಮಿಯಾ ಪಾಠ ನಾನು ಹೇಳಬೇಕಿಲ್ಲ.

4/9

ಫೋಟೊ: ಏನಿಲ್ಲ, ಕಪ್ಪು ಪರದೆ. ಇದರ ಮುಂದಿನ ಭಾಗ ಕಪ್ಪಾಗೇ ಇದೆ.

ಒಂದು: ಆ ತಪ್ಪು ಎಂಟ್ರಿ ಯಾರ ಹೆಸರಲ್ಲಿ ಕೂತಿತ್ತು? ನನ್ನ ಹೆಸರಲ್ಲಿ ಅಲ್ಲ, ಸಿಸ್ಟರ್ ಹೆಸರಲ್ಲಿ. ಯಾಕಂದ್ರೆ ಲಾಗಿನ್ ಅವರದು. ಏನಾದ್ರೂ ಆಗಿದ್ರೆ, ಯಾವ ಹೆಂಗಸು ಆ ಜೀವ ಉಳಿಸಿದ್ರೋ ಅವರೇ ಮೆಮೊ ತಗೋಬೇಕಿತ್ತು.

ಎರಡು: ಕೂಡಲೇ ನಾನು ಏನು ಮಾಡೋಕೆ ಹೋದೆ ಗೊತ್ತಾ? 342 ಅಳಿಸೋಕೆ. ಗುರುತೇ ಸಿಗದ ಹಾಗೆ. ದಾಖಲೆ ಅಳಿಸಬಾರದು, ತಪ್ಪು ಅಂತ ಗುರುತು ಮಾಡಿ, ಸಮಯ ಮತ್ತು ಕಾರಣ ಸೇರಿಸಿ, ಸರಿಯಾದದ್ದನ್ನ ಪಕ್ಕದಲ್ಲಿ ಬರೀಬೇಕು. ಕಾಗದದ ಮೇಲೆ ಒಂದು ಗೆರೆ ಎಳೆದು ಸಹಿ ಹಾಕೋದು ನಮಗೆ ಗೊತ್ತು. ಪರದೆಯಲ್ಲಿ ಅದನ್ನ ಹೇಗೆ ಮಾಡೋದು ಅಂತ ಯಾರೂ ತೋರಿಸಿರಲಿಲ್ಲ.

ಮೂರು: 'ಆಗಿಲ್ವಲ್ಲ, ಬಿಡು. ಯಾರಿಗೂ ಹೇಳ್ಬೇಡ.' ಹೀಗಂದದ್ದು ನನ್ನ ಮೇಲಿನ ಪ್ರೀತಿಯಿಂದಲೇ. ಆದ್ರೆ ಅಲ್ಲಿಗೆ ಮುಗೀತು. ಇಂಥದ್ದಕ್ಕೆ ನಿಯರ್ ಮಿಸ್ ಅಂತಾರೆ, ಅದಕ್ಕೊಂದು ಫಾರಂ ಇರತ್ತೆ, ತುಂಬಿದ್ರೆ 'ಒಂದೇ ಹೆಸರಿನ ಇಬ್ಬರು ರೋಗಿಗಳಿಗೆ ಪರದೆಯಲ್ಲಿ ಎಚ್ಚರಿಕೆ ಗುರುತು ಬರಲಿ' ಅಂತ ಸಾಫ್ಟ್‌ವೇರ್ ಸರಿಮಾಡಬಹುದು. ನಾವು ತುಂಬಲಿಲ್ಲ. ಆ ಪರದೆ ಇವತ್ತಿಗೂ ಹಾಗೇ ಇದ್ದೀತು. ಇನ್ನೊಬ್ಬ ವಿದ್ಯಾರ್ಥಿ ಇನ್ನೊಂದು ಚೀಟಿ ಹಿಡ್ಕೊಂಡು ಅದರ ಮುಂದೆ ನಿಂತಿರಬಹುದು.

ಇದರಲ್ಲಿ ಅತಿ ದೊಡ್ಡ ಪಾಠ ಇನ್ನೊಂದು. ಆ ಸಿಸ್ಟರ್ ಒಂದೇ ಬೆರಳಲ್ಲಿ ಟೈಪ್ ಮಾಡ್ತಾರೆ. ನಾವು ಅವರ ಬೆನ್ನ ಹಿಂದೆ ನಗ್ತಿದ್ವಿ, 'ಸಿಸ್ಟರ್‌ಗೆ ಕಂಪ್ಯೂಟರ್ ಬರಲ್ಲ' ಅಂತ. ನನಗೆ ಎರಡು ಕೈಯಲ್ಲಿ ಸ್ಪೀಡಾಗಿ ಬರತ್ತೆ. ಆದ್ರೆ ಆ ದಿನ ಮಾಹಿತಿ ನಿರ್ವಹಣೆ ಬಂದದ್ದು ಯಾರಿಗೆ? 'ಈ ಸಂಖ್ಯೆ ಈ ಮನುಷ್ಯರದ್ದಾ?' ಅಂತ ಕೇಳಿದ್ದು ಯಾರು?

ಇಡೀ ವಿಷಯ ಇರೋದು ಆ ಒಂದು ಪ್ರಶ್ನೆಯಲ್ಲಿ. ಇದು ಯಾರ ಸಂಖ್ಯೆ, ಎಲ್ಲಿಂದ ಬಂತು, ಯಾರು ಹಾಕಿದ್ರು, ಇದನ್ನ ನೋಡಿ ಯಾರು ಏನು ಮಾಡ್ತಾರೆ? ಟೈಪಿಂಗ್ ಅದರ ಕಾಲು ಭಾಗವೂ ಅಲ್ಲ.

5/9

ಫೋಟೊ: ನನ್ನ ಫಾರ್ಮಕಾಲಜಿ ಪುಸ್ತಕದ ಒಂದು ಪುಟ. ಜನರಿಕ್ ಹೆಸರು ಒಂದು ಕಡೆ, ಬ್ರ್ಯಾಂಡ್ ಹೆಸರು ಇನ್ನೊಂದು ಕಡೆ.

'ನಾವು ಹೊರದೇಶಕ್ಕೆ ಹೋಗ್ತೀವಿ, ಅಲ್ಲಿ ಎಲ್ಲಾ ಮಷಿನ್ನೇ ಮಾಡತ್ತೆ' ಅನ್ನೋರಿಗೆ ಈ ಪೋಸ್ಟ್.

2017ರ ಡಿಸೆಂಬರ್, ಅಮೆರಿಕದ ನ್ಯಾಶ್‌ವಿಲ್. ಸ್ಕ್ಯಾನ್‌ಗೆ ಹೋಗಿದ್ದ 75 ವರ್ಷದ ಹೆಂಗಸು ಗಾಬರಿಯಾಗಿದ್ರು ಅಂತ ಶಾಂತವಾಗೋಕೆ ಔಷಧಿ ಬರೆದಿದ್ರು. ಬ್ರ್ಯಾಂಡ್ ಹೆಸರು ವರ್ಸೆಡ್, ಜನರಿಕ್ ಹೆಸರು ಮಿಡಾಜೊಲಾಮ್. ಅಲ್ಲಿ ಔಷಧಿ ಕಂಪ್ಯೂಟರ್ ಇರೋ ಬೀರುವಿನಿಂದ ಬರತ್ತೆ. ನರ್ಸ್ ಬ್ರ್ಯಾಂಡ್ ಹೆಸರಿನ ಮೊದಲ ಎರಡು ಅಕ್ಷರ, 'ವಿ' 'ಇ', ಒತ್ತಿದ್ರು. ಮಷಿನ್ ಹುಡುಕ್ತಿದ್ದದ್ದು ಜನರಿಕ್ ಹೆಸರನ್ನ. ಬೇಕಾದ್ದು ಸಿಗಲಿಲ್ಲ, ಓವರ್‌ರೈಡ್ ಒತ್ತಿದ್ರು. ಬಂದದ್ದು ವೆಕ್ಯುರೋನಿಯಮ್. ಉಸಿರಾಟದ ಸ್ನಾಯುಗಳನ್ನೇ ನಿಲ್ಲಿಸೋ ಔಷಧಿ. ರೋಗಿ ಉಳೀಲಿಲ್ಲ.

2022ರಲ್ಲಿ ನ್ಯಾಯಾಲಯ ಆ ನರ್ಸ್ ಅಪರಾಧಿ ಅಂತ ಹೇಳ್ತು, ಮೂರು ವರ್ಷದ ಪ್ರೊಬೇಷನ್ ಶಿಕ್ಷೆ ಆಯ್ತು. ಲೈಸೆನ್ಸ್ ಅದಕ್ಕೆ ಮೊದಲೇ ಹೋಗಿತ್ತು. ಆಸ್ಪತ್ರೆಯಲ್ಲಿ ಹೊಸ ಕಂಪ್ಯೂಟರ್ ವ್ಯವಸ್ಥೆ ಬರ್ತಿದ್ದ ಆ ದಿನಗಳಲ್ಲಿ ಓವರ್‌ರೈಡ್ ಅನ್ನೋದು ಎಲ್ಲರ ದಿನನಿತ್ಯದ ಅಭ್ಯಾಸ ಆಗಿತ್ತು ಅಂತ ಅವರ ಪರ ವಕೀಲರು ವಾದಿಸಿದ್ರು. ಆದ್ರೂ ಕಟಕಟೆಯಲ್ಲಿ ನಿಂತದ್ದು ನರ್ಸ್, ಮಷಿನ್ ಅಲ್ಲ.

ಸೀಸೆ ಮೇಲಿನ ಹೆಸರು ಓದಬೇಕಿತ್ತು, ಹೌದು. ಅದು ನರ್ಸಿಂಗಿನ ಮೊದಲ ಪಾಠ. ಆದ್ರೆ 'ಈ ಮಷಿನ್ ಯಾವ ಹೆಸರಲ್ಲಿ ಹುಡುಕತ್ತೆ? ಓವರ್‌ರೈಡ್ ಒತ್ತಿದ್ರೆ ಯಾವ ಯಾವ ತಪಾಸಣೆ ತಪ್ಪಿಹೋಗತ್ತೆ?' ಅನ್ನೋದೂ ಈಗ ನರ್ಸಿಂಗಿನ ಪಾಠವೇ. ಎಚ್ಚರಿಕೆಯ ಬಾಕ್ಸ್ ಬಂದ ತಕ್ಷಣ ಓದದೆ 'ಓಕೆ' ಒತ್ತೋ ಬೆರಳು ನಮ್ಮದೂ ಇದೆ. ಆ್ಯಪ್ ಹಾಕ್ಕೊಳ್ಳುವಾಗ 'ಐ ಅಗ್ರೀ' ಎಷ್ಟು ಸಲ ಓದಿದೀರಿ?

6/9

ಫೋಟೊ: ನನ್ನ ಮೊಬೈಲ್, ಮುಖ ಕೆಳಗೆ ಮಾಡಿ ಇಟ್ಟದ್ದು. ವಾರ್ಡಿನ ಫೋಟೊ ಯಾಕಿಲ್ಲ ಅಂತ ಹೇಳ್ತೀನಿ ಅಂದಿದ್ನಲ್ಲ.

ನಮ್ಮ ಜನರೇಷನ್ನಿನ ದೊಡ್ಡ ಅಹಂಕಾರ ಏನಂದ್ರೆ 'ಟೆಕ್ನಾಲಜಿ ನಮಗೆ ಹುಟ್ಟಿನಿಂದಲೇ ಬರತ್ತೆ' ಅನ್ನೋದು. ಬರೋದು ಏನು? ರೀಲ್ ಎಡಿಟ್ ಮಾಡೋಕೆ ಬರತ್ತೆ. ಫಿಲ್ಟರ್ ಹಾಕೋಕೆ ಬರತ್ತೆ. ಆದ್ರೆ ಅಪರೂಪದ ಕೇಸ್ ಬಂತು ಅಂತ ಗಾಯದ ಫೋಟೊ ತೆಗೆದು ಬ್ಯಾಚಿನ ವಾಟ್ಸ್ಯಾಪ್ ಗ್ರೂಪಿಗೆ ಹಾಕ್ತೀವಿ. ಕೇಸ್ ಪ್ರೆಸೆಂಟೇಷನ್‌ಗೆ ಬೇಕು ಅಂತ ಇಡೀ ಕೇಸ್ ಶೀಟ್ ಕ್ಲಿಕ್ ಮಾಡ್ಕೊಂಡು ಬರ್ತೀವಿ. ಆ ಫೋಟೊ ತಾನಾಗೇ ಗ್ಯಾಲರಿಗೆ ಹೋಗತ್ತೆ, ಗ್ಯಾಲರಿಯಿಂದ ಕ್ಲೌಡಿಗೆ. ಮನೇಲಿ ತಂಗಿ ಕೈಗೆ ಮೊಬೈಲ್ ಸಿಗತ್ತೆ.

ಆ ಕೇಸ್ ಶೀಟಲ್ಲಿ ಏನಿದೆ ಅಂತ ಯೋಚಿಸಿ. ಹೆಸರು, ಊರು, ಫೋನ್ ನಂಬರ್, ಕೆಲವೊಮ್ಮೆ ಎಚ್‌ಐವಿ ರಿಪೋರ್ಟ್. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಪ್ರಕಾರ ಒಬ್ಬರ ಎಚ್‌ಐವಿ ಸ್ಥಿತಿಯನ್ನ ಅವರ ಒಪ್ಪಿಗೆ ಇಲ್ಲದೆ ಬಯಲು ಮಾಡೋ ಹಾಗಿಲ್ಲ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂತು. ಕಾನೂನು ಬಿಡಿ. ನಿಮ್ಮ ಊರಿಂದಲೇ ಬಂದ ಒಬ್ಬ ಹೆಣ್ಣುಮಗಳ ರಿಪೋರ್ಟ್ ನಿಮ್ಮ ಗ್ರೂಪಿಂದ ಹೊರಗೆ ಹೋಯ್ತು ಅಂದ್ರೆ ಆಕೆ ಮತ್ತೆ ಆ ಊರಲ್ಲಿ ಬಾಳ್ವೆ ಮಾಡೋದು ಹೇಗೆ?

ಈಗ ಇನ್ನೊಂದು ಸೇರಿದೆ: ಚಾಟ್‌ಜಿಪಿಟಿ ಕೇರ್ ಪ್ಲಾನ್. ರೋಗಿಯ ಎಲ್ಲಾ ವಿವರ ಅದಕ್ಕೆ ಸುರಿದು 'ಐದು ನರ್ಸಿಂಗ್ ಡಯಾಗ್ನೋಸಿಸ್ ಕೊಡು' ಅಂತೀವಿ. ಚಂದದ ಉತ್ತರ ಬರತ್ತೆ, ಹಾಗೇ ಬರೀತೀವಿ. ಬೆಡ್‌ಸೋರ್ ಇಲ್ಲದ ರೋಗಿಗೆ ಬೆಡ್‌ಸೋರ್ ಆರೈಕೆ! ನಾನು ಅದನ್ನ ಬಳಸಬೇಡಿ ಅಂತಿಲ್ಲ, ನಾನೂ ಬಳಸ್ತೀನಿ, ಅರ್ಥವಾಗದ ವಿಷಯ ಬಿಡಿಸಿ ಹೇಳಿಸ್ಕೊಳ್ಳೋಕೆ. ಆದ್ರೆ ರೋಗಿಯ ಗುರುತು ಅದಕ್ಕೆ ಕೊಡಬೇಡಿ, ಡೋಸ್ ಅದರ ಮಾತು ನಂಬಿ ಹಾಕಬೇಡಿ. ಅದು ನಿಮ್ಮ ರೋಗಿಯ ಮುಖ ನೋಡಿಲ್ಲ. ನೀವು ನೋಡಿದೀರಿ.

7/9

ಫೋಟೊ: ನಮ್ಮೂರಿನ ಉಪಕೇಂದ್ರದ ಬಾಗಿಲು, ಭಾನುವಾರ ಬೀಗ ಹಾಕಿದ್ದಾಗ ತೆಗೆದದ್ದು.

'ಇದೆಲ್ಲಾ ಕಾರ್ಪೊರೇಟ್ ಆಸ್ಪತ್ರೆ ಮಾತು, ನಾವು ಸರ್ಕಾರಿ ಕೆಲಸಕ್ಕೆ ಹೋಗೋರು' ಅಂತೀರಾ? ಹಾಗಿದ್ರೆ ನಿಮಗೆ ಇದು ಇನ್ನೂ ಜಾಸ್ತಿ ಬೇಕು.

ನಮ್ಮಲ್ಲಿ ಎಷ್ಟೋ ಜನ ಬಿಎಸ್ಸಿ ಮುಗಿಸಿ ಸಮುದಾಯ ಆರೋಗ್ಯ ಅಧಿಕಾರಿ, ಸಿಎಚ್‌ಒ, ಆಗ್ತೀರ. ಹಳ್ಳಿಯ ಕೇಂದ್ರದಲ್ಲಿ ಡಾಕ್ಟರ್ ಇರಲ್ಲ, ನೀವೇ ಇರೋದು. ಬಿಪಿ, ಶುಗರ್ ತಪಾಸಣೆ ಮಾಡಿ ಪೋರ್ಟಲ್‌ಗೆ ಹಾಕೋದು ನೀವು. ಇ-ಸಂಜೀವನಿಯಲ್ಲಿ ಡಾಕ್ಟರನ್ನ ವಿಡಿಯೊಗೆ ಕರೆದು ರೋಗಿಯ ಕಥೆ ಒಪ್ಪಿಸೋದು ನೀವು. ಆ ಕಡೆ ಇರೋ ಡಾಕ್ಟರ್ ಕೈಗೆ ರೋಗಿಯ ಹೊಟ್ಟೆ ಸಿಗಲ್ಲ, ಸಿಗೋದು ನಿಮ್ಮ ಮಾತು ಮತ್ತು ನಿಮ್ಮ ಸಂಖ್ಯೆ. ನೀವು ತಪ್ಪು ಹೇಳಿದ್ರೆ ಅವರು ತಪ್ಪು ಬರೀತಾರೆ.

14 ಅಂಕಿಯ ಆಭಾ ನಂಬರ್ ಮಾಡಿಸೋಕೆ ಜನ ನಿಮ್ಮ ಮುಂದೆ ಕೂರ್ತಾರೆ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್‌ನಲ್ಲಿ ದೇಶಕ್ಕೆಲ್ಲಾ ಶುರುವಾಯ್ತು. ಅದರ ಮೂಲ ನಿಯಮವೇ ಒಪ್ಪಿಗೆ. ದಾಖಲೆ ರೋಗಿಯದು, ಯಾರಿಗೆ ತೋರಿಸಬೇಕು ಅನ್ನೋದು ರೋಗಿಯ ಇಷ್ಟ. ಆದ್ರೆ ಒಬ್ಬ ಅಜ್ಜ 'ಇದು ಯಾಕಮ್ಮ?' ಅಂತ ಕೇಳಿದ್ರೆ ನಾವು ಏನಂತೀವಿ? 'ಟಾರ್ಗೆಟ್ ಇದೆ ಅಜ್ಜಾ, ಒಟಿಪಿ ಹೇಳಿ' ಅಂತೀವಿ. ಅದಕ್ಕೆ ಒಪ್ಪಿಗೆ ಅಂತ ಹೆಸರಾ? ಒಂದು ಕಡೆ 'ಒಟಿಪಿ ಯಾರಿಗೂ ಹೇಳಬೇಡಿ' ಅಂತ ಬ್ಯಾಂಕಿನವರು ಹೇಳ್ತಾರೆ, ಇನ್ನೊಂದು ಕಡೆ ನಾವೇ ವಿವರಣೆ ಕೊಡದೆ ಒಟಿಪಿ ಕೇಳ್ತೀವಿ.

ಇನ್ನು ಕರೆಂಟ್, ಸರ್ವರ್. 2022ರ ನವೆಂಬರ್ 23ಕ್ಕೆ ದೆಹಲಿಯ ಏಮ್ಸ್ ಸರ್ವರ್‌ಗಳ ಮೇಲೆ ಸೈಬರ್ ದಾಳಿ ಆಯ್ತು. ದೇಶದ ದೊಡ್ಡ ಆಸ್ಪತ್ರೆಗಳಲ್ಲೊಂದಾದ ಅದು ಒಂದು ವಾರಕ್ಕೂ ಹೆಚ್ಚು ಕಾಲ ಒಪಿಡಿ, ಲ್ಯಾಬ್ ಎಲ್ಲಾ ಕೈಬರಹದಲ್ಲಿ ನಡೆಸ್ತು. ಅಂಥ ಕಡೆಯೇ ಹಾಗಾದ್ರೆ ನಮ್ಮ ತಾಲೂಕು ಆಸ್ಪತ್ರೆಯ ಗತಿ ಏನು? ಸಿಸ್ಟಮ್ ಬಿದ್ದಾಗ ಕಾಗದಕ್ಕೆ ಇಳಿಯೋದು ಹೇಗೆ, ಎದ್ದ ಮೇಲೆ ಆ ಕಾಗದವನ್ನ ಸರಿಯಾದ ಸಮಯ ಹಾಕಿ ಒಳಗೆ ಸೇರಿಸೋದು ಹೇಗೆ, ಒಂದು ಡೋಸ್ ಎರಡು ಸಲ ಹೋಗದ ಹಾಗೆ ನೋಡ್ಕೊಳ್ಳೋದು ಹೇಗೆ? ಇದೂ ಟೆಕ್ನಾಲಜಿ ಪಾಠವೇ. ಯಾರು ಕಲಿಸಿದ್ರು ನಮಗೆ?

8/9

ಫೋಟೊ: ನರ್ಸ್ ವಾಚ್. ಸೆಕೆಂಡ್ ಮುಳ್ಳು ಕಾಣ್ತಿದೆಯಾ?

ಈಗ ಎದುರು ವಾದ. ಒಬ್ಬ ಹಿರಿಯ ಸಿಸ್ಟರ್ ಹತ್ರ ಇದನ್ನೆಲ್ಲಾ ಹೇಳಿದಾಗ ಅವರು ಕೊಟ್ಟ ಉತ್ತರ ಇದು: 'ನೀವು ಪರದೆ ನೋಡ್ತಾ ಕೂತ್ರೆ ರೋಗಿ ಮುಖ ನೋಡೋರು ಯಾರು? ಒಂದು ರಿಜಿಸ್ಟರ್ ಬರೆಯೋದೇ ಸಾಕಾಗಿದೆ, ಅದನ್ನೇ ಮತ್ತೆ ಸಿಸ್ಟಮಲ್ಲಿ ಹಾಕು, ಮತ್ತೆ ಆಡಿಟ್‌ಗೆ ಇನ್ನೊಂದು ಫೈಲು. ಜನ ಕೊಡಿ ಮೊದಲು, ಆಮೇಲೆ ಕಂಪ್ಯೂಟರ್ ಕೊಡಿ.'

ಈ ಮಾತು ಸುಳ್ಳಲ್ಲ. ಇದನ್ನ 'ಹಳೇ ಕಾಲದೋರು' ಅಂತ ತಳ್ಳಿಹಾಕೋರು ಒಂದು ನೈಟ್ ಡ್ಯೂಟಿ ಮಾಡಿ ನೋಡಲಿ. ಒಬ್ಬರ ಮೇಲೆ ಇಡೀ ವಾರ್ಡ್ ಬಿಟ್ಟು 'ಎಂಟ್ರಿ ಯಾಕೆ ಲೇಟು' ಅಂತ ಕೇಳೋದು ಅನ್ಯಾಯ. ಒಂದೇ ಬಿಪಿಯನ್ನ ಮೂರು ಕಡೆ ಬರೆಸೋದು ಮೂರ್ಖತನ.

ಆದ್ರೆ ಸಿಸ್ಟರ್, ನಿಮ್ಮ ಮಾತಿಂದಲೇ ನನ್ನ ವಾದ ಗಟ್ಟಿಯಾಗತ್ತೆ. ಆ ಸಾಫ್ಟ್‌ವೇರ್ ಮಾಡುವಾಗ ಮೇಜಿನ ಸುತ್ತ ಯಾರಿದ್ರು? ಬಿಲ್ಲಿಂಗ್‌ನವರು, ಐಟಿಯವರು, ಮ್ಯಾನೇಜ್‌ಮೆಂಟ್. ಅದಕ್ಕೇ ಬಿಲ್ ಒಂದು ಕ್ಲಿಕ್ಕಲ್ಲಿ ಬರತ್ತೆ, ಇನ್‌ಟೇಕ್ ಔಟ್‌ಪುಟ್ ಚಾರ್ಟ್ ಹುಡುಕೋಕೆ ಆರು ಕ್ಲಿಕ್ ಬೇಕು. ದಿನಕ್ಕೆ ನೂರು ಸಲ ಆ ಪರದೆ ಮುಟ್ಟೋ ನರ್ಸನ್ನ ಯಾರೂ ಕೇಳಲಿಲ್ಲ. ಕೇಳಿದ್ರೂ ನಾವು 'ನಮಗೆ ಅದೆಲ್ಲಾ ಗೊತ್ತಾಗಲ್ಲ ಸರ್' ಅಂತ ಹಿಂದೆ ಸರೀತಿದ್ವಿ. ಅಮೆರಿಕದಲ್ಲಿ ನರ್ಸಿಂಗ್ ಇನ್ಫರ್ಮ್ಯಾಟಿಕ್ಸ್ ಅನ್ನೋದನ್ನ 1992ರಲ್ಲೇ ನರ್ಸಿಂಗಿನ ಒಂದು ವಿಶೇಷ ಶಾಖೆ ಅಂತ ಒಪ್ಕೊಂಡ್ರು. ನಾವು ಇನ್ನೂ ಮೌಸ್‌ನ ಚಿತ್ರ ಬರೀತಿದೀವಿ.

ಜನ ಕಡಿಮೆ ಇದಾರೆ ಅಂತ ವಾದ ಮಾಡೋಕೂ ಅಂಕಿ ಬೇಕು. ಯಾವ ಶಿಫ್ಟಲ್ಲಿ ಎಷ್ಟು ರೋಗಿ, ಎಷ್ಟು ಜನ ಬಿದ್ರು, ಎಷ್ಟು ಡೋಸ್ ತಡವಾಯ್ತು? ಆ ಲೆಕ್ಕ ನಮ್ಮ ಕೈಯಲ್ಲಿದ್ರೆ ಮ್ಯಾನೇಜ್‌ಮೆಂಟ್ ಮುಂದೆ ಕಣ್ಣೀರು ಹಾಕಬೇಕಿಲ್ಲ, ಕಾಗದ ಇಟ್ಟರೆ ಸಾಕು. ನೈಟಿಂಗೇಲ್ ಮಾಡಿದ್ದೂ ಅದನ್ನೇ ಅಲ್ವಾ? ಬರೀ ದೀಪ ತೋರಿಸಿದ್ರೆ ಸೈನ್ಯ ಬದಲಾಗ್ತಿರಲಿಲ್ಲ.

ಮತ್ತೆ, ರಾತ್ರಿ ರೌಂಡ್ಸ್ ಮಾಡದೆ ಬೆಳಿಗ್ಗೆ ಐದಕ್ಕೆ ಕೂತು ಎಲ್ಲರಿಗೂ ರೆಸ್ಪಿರೇಷನ್ 20 ಅಂತ ತುಂಬಿಸ್ತೀವಲ್ಲ, ಅದನ್ನೂ ಇಲ್ಲೇ ಹೇಳ್ಬಿಡ್ತೀನಿ. ಪೆನ್ನಲ್ಲಿ ಬರೆದ್ರೂ ಸುಳ್ಳು, ಸಿಸ್ಟಮಲ್ಲಿ ಹಾಕಿದ್ರೂ ಸುಳ್ಳು. ಪರದೆ ಮೇಲೆ ಸುಳ್ಳು ಇನ್ನೂ ಚಂದ ಕಾಣತ್ತೆ, ಅದಕ್ಕೇ ಇನ್ನೂ ಅಪಾಯ. ಮೊದಲು ಕೆಡೋದು ಉಸಿರು ಅಂತ ನಮಗೇ ಪಾಠ ಮಾಡಿದಾರೆ. ಆ ವಾಚ್ ಕೊಟ್ಟದ್ದು ಎಣಿಸೋಕೆ.

9/9

ಫೋಟೊ: ಮತ್ತೆ ಅದೇ ದೀಪ. ಈ ಸಲ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟಿದೀನಿ.

ಬೈದದ್ದು ಸಾಕು, ಏನು ಬೇಕು ಹೇಳ್ತೀನಿ. ನಿಮ್ಮ ಸ್ಟೂಡೆಂಟ್ ನರ್ಸಸ್ ಅಸೋಸಿಯೇಷನ್ ಮೀಟಿಂಗಲ್ಲಿ ಇದನ್ನ ಓದಿ.

ಕಾಲೇಜಿಂದ ಬೇಕಾದ್ದು:

ಒಂದು, ಲ್ಯಾಬಲ್ಲಿ ಅಭ್ಯಾಸಕ್ಕೆ ನಿಜವಾದ ಆಸ್ಪತ್ರೆ ಸಾಫ್ಟ್‌ವೇರ್, ನಕಲಿ ರೋಗಿಗಳ ಜೊತೆ. 'ದುಡ್ಡಿಲ್ಲ' ಅನ್ನೋ ಹಾಗಿಲ್ಲ. ಓಪನ್‌ಎಂಆರ್‌ಎಸ್ ಉಚಿತ. ಅದರ ಮೇಲೆ ಕಟ್ಟಿದ ಬಹ್ಮ್ನಿ ಕೂಡ ಉಚಿತ, ಅದು ಶುರುವಾದದ್ದು ನಮ್ಮ ದೇಶದಲ್ಲೇ, ಛತ್ತೀಸ್‌ಗಢದ ಗನಿಯಾರಿ ಅನ್ನೋ ಹಳ್ಳಿಯ ಆಸ್ಪತ್ರೆಗೆ. ಹಳ್ಳಿ ಆಸ್ಪತ್ರೆಯಲ್ಲಿ ನಡೆಯೋದು ನಮ್ಮ ಲ್ಯಾಬಲ್ಲಿ ನಡೆಯಲ್ವಾ?

ಎರಡು, ಎರಡನೇ ಸೆಮಿಸ್ಟರಿಗೆ ಮುಗಿಸಿ ಕೈ ತೊಳ್ಕೊಳ್ಳಬೇಡಿ. ಪ್ರತಿ ಪೋಸ್ಟಿಂಗಲ್ಲೂ ಪ್ರೊಸೀಜರ್ ಜೊತೆ ದಾಖಲೆಯನ್ನೂ ನೋಡಿ ಅಂಕ ಕೊಡಿ. ತಪ್ಪು ಎಂಟ್ರಿ ತಿದ್ದೋದು, ಒಂದೇ ಹೆಸರಿನ ಇಬ್ಬರು ರೋಗಿಗಳು, ಸರ್ವರ್ ಡೌನ್, ಈ ಮೂರನ್ನೂ ಡೆಮೊ ಮಾಡಿಸಿ. ಬೆಡ್ ಮೇಕಿಂಗ್ ಮಾಡಿಸಿದಷ್ಟು ಸಲ ಮಾಡಿಸಿ.

ಮೂರು, ವಿದ್ಯಾರ್ಥಿಗಳಿಗೆ ನಮ್ಮದೇ ಲಾಗಿನ್ ಕೊಡಿಸಿ. ಸಿಸ್ಟರ್ ಒಪ್ಪಿದ ಮೇಲೆ ಎಂಟ್ರಿ ಸೇರಲಿ. ನಮ್ಮ ತಪ್ಪು ನಮ್ಮ ಹೆಸರಲ್ಲೇ ಇರಲಿ.

ನಾಲ್ಕು, ನಿಯರ್ ಮಿಸ್ ಹೇಳಿಕೊಂಡವರಿಗೆ ಬೈಯಬೇಡಿ. ಬೈದ್ರೆ ನಾಳೆಯಿಂದ ತಪ್ಪು ನಿಲ್ಲಲ್ಲ, ಹೇಳೋದು ನಿಲ್ಲತ್ತೆ.

ನಮ್ಮಿಂದ ಆಗಬೇಕಾದ್ದು, ಸೋಮವಾರದಿಂದಲೇ:

ಹೆಸರು ಮತ್ತು ಐಪಿ ನಂಬರ್ ಎರಡನ್ನೂ ನೋಡದೆ ಏನನ್ನೂ ಎಂಟ್ರಿ ಮಾಡಬೇಡಿ. ರೋಗಿಯ ಬಾಯಿಂದ ಹೆಸರು ಹೇಳಿಸಿ, ನೀವೇ ಹೆಸರು ಹೇಳಿ 'ಹೌದಾ' ಅಂತ ಕೇಳಬೇಡಿ. ಕಿವಿ ಕೇಳದ ಅಜ್ಜಿ ಎಲ್ಲದಕ್ಕೂ ಹೂಂ ಅಂತಾರೆ. ಬೇರೆಯವರ ಲಾಗಿನ್ ಇದ್ರೆ 'ಸಿಸ್ಟರ್, ನಾನು ಓದಿ ಹೇಳ್ತೀನಿ, ನೀವು ಹಾಕಿ' ಅನ್ನಿ. ವಾರ್ಡಿನ ಗ್ರೂಪಿಂದ ಹಳೇ ರೋಗಿಗಳ ಫೋಟೊ ಇವತ್ತೇ ಡಿಲೀಟ್ ಮಾಡಿ, ಗ್ಯಾಲರಿಯಿಂದಲೂ. ಸಂಖ್ಯೆ ಮತ್ತು ರೋಗಿ ಹೊಂದಿಕೆ ಆಗದಿದ್ರೆ ನಿಲ್ಲಿ. ಇನ್ನೊಂದು ಸಲ ನೋಡಿ.

ಆ ದಿನದ ಸಿಸ್ಟರ್‌ಗೆ ನಾನು ಆಮೇಲೆ ಎಕ್ಸೆಲ್ ಹೇಳಿಕೊಟ್ಟೆ. ಡ್ಯೂಟಿ ರೋಸ್ಟರ್ ಈಗ ಅವರೇ ಮಾಡ್ತಾರೆ, ಒಂದೇ ಬೆರಳಲ್ಲಿ. ಅವರು ನನಗೆ ಕಲಿಸಿದ್ದು 'ಊಟ ಆಯ್ತಾ?' ಅಂತ ಕೇಳೋದನ್ನ. ವ್ಯಾಪಾರದಲ್ಲಿ ಲಾಭ ಆದದ್ದು ನನಗೆ.

ಅಜ್ಜಿ ಡಿಸ್ಚಾರ್ಜ್ ಆಗಿ ಹೋಗುವಾಗ ನನ್ನ ಕೈ ಹಿಡ್ಕೊಂಡು 'ಚೆನ್ನಾಗಿ ನೋಡ್ಕೊಂಡೆ ಕಣವ್ವ' ಅಂದ್ರು. ಅವರಿಗೆ ಏನೂ ಗೊತ್ತಿಲ್ಲ. ನಾನೂ ಹೇಳಲಿಲ್ಲ. ಅದಕ್ಕೇ ಇಷ್ಟುದ್ದ ನಿಮಗೆ ಹೇಳ್ತಿದೀನಿ.

ನಿಮ್ಮ ಕಾಲೇಜಲ್ಲಿ ಆ 40 ಗಂಟೆ ಪ್ರಾಕ್ಟಿಕಲ್‌ನಲ್ಲಿ ಏನು ಮಾಡಿಸಿದ್ರು? ಕಾಮೆಂಟಲ್ಲಿ ಬರೀರಿ. ಕಾಲೇಜಿನ ಹೆಸರು ಬೇಡ, ರೋಗಿಯ ವಿವರ ಬೇಡವೇ ಬೇಡ. ಒಪ್ಪದಿದ್ರೆ ಅದನ್ನೂ ಬರೀರಿ. ಜೂನಿಯರ್ಸ್‌ಗೆ ಟ್ಯಾಗ್ ಮಾಡಿ, ಎರಡನೇ ಸೆಮಿಸ್ಟರ್ ಶುರುವಾಗೋಕೆ ಮುಂಚೆ ಓದಲಿ.

#ನರ್ಸಿಂಗ್‌ಕನ್ನಡ #ದೀಪವೂದಾಖಲೆಯೂ #ಯಾರಸಂಖ್ಯೆಇದು #ಬಿಎಸ್ಸಿನರ್ಸಿಂಗ್